ಊರಿನ ಪಹಣಿ, ಪಾಸ್‌ಬುಕ್ಕು ಮತ್ತು ಅಮೆರಿಕದ ತೆರಿಗೆ

ಮಂಡ್ಯ, ಮೈಸೂರು ಕಡೆಯಿಂದ ಅಮೆರಿಕಕ್ಕೆ ಬಂದ ಹೊಸಬರು ತೆರಿಗೆ ವಿವರ ಸಲ್ಲಿಸುವಾಗ ಸಂಬಳದ ವಾರ್ಷಿಕ ವಿವರಪತ್ರವಾದ ಡಬ್ಲ್ಯು-2 ಒಂದನ್ನೇ ಮುಂದಿಟ್ಟುಕೊಂಡು ಕೂರುತ್ತಾರೆ. ಸಂಬಳದ ಲೆಕ್ಕವನ್ನು ಕಂಪನಿಯೇ ಸರ್ಕಾರಕ್ಕೆ ಕಳಿಸಿರುತ್ತದೆ, ಅಲ್ಲಿ ತಪ್ಪಾಗುವುದು ಅಪರೂಪ. ಎಡವುವುದು ಊರಿನಲ್ಲಿ ಬಿಟ್ಟುಬಂದ ಹಣದ ವಿಷಯದಲ್ಲಿ.

ಊರಿನ ಹಣಕ್ಕೂ ಇಲ್ಲಿ ಲೆಕ್ಕ ಕೊಡಬೇಕೆಂಬುದು ಗ್ರೀನ್ ಕಾರ್ಡ್ ಬರುವ ತನಕ ತಮಗೆ ಅನ್ವಯಿಸುವುದಿಲ್ಲ ಎಂಬ ನಂಬಿಕೆ ಬಹಳ ಮಂದಿಗಿದೆ. ಹಾಗಿಲ್ಲ. ಈ ವರ್ಷ ಕನಿಷ್ಠ 31 ದಿನ ಇಲ್ಲಿದ್ದು, ಈ ವರ್ಷದ ದಿನಗಳು, ಕಳೆದ ವರ್ಷದ ದಿನಗಳಲ್ಲಿ ಮೂರನೇ ಒಂದು ಪಾಲು, ಅದರ ಹಿಂದಿನ ವರ್ಷದ್ದರಲ್ಲಿ ಆರನೇ ಒಂದು ಪಾಲು ಸೇರಿ 183 ಆದರೆ, ಎಚ್-1ಬಿ ಎಂಬ ಉದ್ಯೋಗ ವೀಸಾದವರೂ ತೆರಿಗೆಯ ಮಟ್ಟಿಗೆ ಇಲ್ಲಿನ ನಿವಾಸಿಗಳೇ. ಎಫ್-1 ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಮೊದಲ ಐದು ವರ್ಷ ಈ ಎಣಿಕೆಯಿಂದ ವಿನಾಯಿತಿ ಇದೆ. ನಿವಾಸಿ ಎನಿಸಿಕೊಂಡ ಮೇಲೆ ಜಗತ್ತಿನ ಯಾವ ಮೂಲೆಯಲ್ಲಿ ಬಂದ ಆದಾಯವನ್ನೂ ತೋರಿಸಬೇಕು.

ವಿ.ಸಿ. ನಾಲೆಯ ನೀರು ಹರಿಯುವ ಗದ್ದೆ ನಿಮ್ಮ ಹೆಸರಿನಲ್ಲಿದ್ದು, ಕಬ್ಬಿನ ಹಣ ನಿಮ್ಮ ಖಾತೆಗೆ ಬರುತ್ತಿದೆ ಎನ್ನೋಣ. ಕೃಷಿ ಆದಾಯಕ್ಕೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ, ಅಮೆರಿಕದಲ್ಲಿ ಆ ವಿನಾಯಿತಿ ಇಲ್ಲ. ಅಲ್ಲಿ ತೆರಿಗೆಯನ್ನೇ ಕಟ್ಟಿಲ್ಲವಾದ್ದರಿಂದ ಇಲ್ಲಿನ ತೆರಿಗೆಯಿಂದ ಕಳೆಯಲು ಏನೂ ಇರುವುದಿಲ್ಲ. ಗೊಬ್ಬರ, ಕೂಲಿ, ಕಟಾವಿನ ಖರ್ಚನ್ನಾದರೂ ಕಳೆಯಬಹುದು, ಚೀಟಿಗಳಿದ್ದರೆ. ಜಮೀನು ಅಪ್ಪನ ಹೆಸರಿನಲ್ಲಿದ್ದು ಅವರೇ ಬೇಸಾಯ ಮಾಡಿಸುತ್ತಿದ್ದರೆ ಅದು ಅವರ ಆದಾಯ, ನಿಮಗೆ ಗೋಜಿಲ್ಲ. ಎನ್‌ಆರ್‌ಇ (ಅನಿವಾಸಿ ಭಾರತೀಯರ ರೂಪಾಯಿ ಖಾತೆ) ಠೇವಣಿಯ ಬಡ್ಡಿಯದ್ದೂ ಕಬ್ಬಿನ ಕಥೆಯೇ: ಅಲ್ಲಿ ತೆರಿಗೆರಹಿತ, ಇಲ್ಲಿ ಅಲ್ಲ.

ಕುವೆಂಪುನಗರದ ಮನೆಯ ಬಾಡಿಗೆ ಬೇರೆ ಬಗೆಯದು. ಅನಿವಾಸಿ ಮಾಲೀಕರಿಗೆ ಬಾಡಿಗೆ ಕೊಡುವವರು ಮೊತ್ತ ಎಷ್ಟೇ ಇರಲಿ, ಶೇ 30ರಷ್ಟು ತೆರಿಗೆ, ಮೇಲೆ ಸೆಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಬಾಡಿಗೆದಾರರಿಗೆ ಇದು ಗೊತ್ತಿರುವುದಿಲ್ಲ, ಮಾಲೀಕರು ಹೇಳುವುದೂ ಇಲ್ಲ. ಕರಾರು ಬರೆಯುವಾಗಲೇ ಹೇಳಿಬಿಡಿ. ಆ ಆದಾಯದ ಮೇಲೆ ಭಾರತಕ್ಕೆ ಸಲ್ಲಬೇಕಾದ ತೆರಿಗೆಯನ್ನು ಫಾರ್ಮ್ 1116ರ ಮೂಲಕ ಮಿತಿಯೊಳಗೆ ಇಲ್ಲಿನ ತೆರಿಗೆಯಿಂದ ಕಳೆಯಬಹುದು.

ಇನ್ನು ಎಫ್‌ಬಾರ್, ಅಂದರೆ ವಿದೇಶಿ ಖಾತೆಗಳ ವರದಿ. ಪಾಂಡವಪುರದ ಕಡೆಯ ಒಬ್ಬ ಹುಡುಗನ ಅಪ್ಪ, ನಾಳೆ ತಮಗೇನಾದರೂ ಆದರೆ ಮಗ ಬ್ಯಾಂಕಿಗೆ ಅಲೆಯುವುದು ಬೇಡವೆಂದು ಎಲ್ಲ ಠೇವಣಿಗಳಿಗೂ ಅವನ ಹೆಸರನ್ನು ಜಂಟಿಯಾಗಿ ಸೇರಿಸಿದ್ದರು. ‘ದುಡ್ಡು ಅಪ್ಪನದು, ನಾನು ಮುಟ್ಟಿಯೇ ಇಲ್ಲವಲ್ಲ ಅಣ್ಣ’ ಎಂದ. ಮುಟ್ಟಬೇಕಾಗಿಲ್ಲ, ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಎರಡನೆಯ ಹೆಸರು ನಿಮ್ಮದಾಗಿದ್ದರೆ ಸಾಕು. ವಿದೇಶಿ ಖಾತೆಗಳೆಲ್ಲ ಸೇರಿ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ದಾಟಿದರೆ ಪ್ರತಿಯೊಂದು ಖಾತೆಯನ್ನೂ ತಿಳಿಸಬೇಕು. ಗಡುವು ಏಪ್ರಿಲ್ 15. ಕೇಳದೆಯೇ ಅಕ್ಟೋಬರ್ 15ರವರೆಗೆ ಮುಂದಕ್ಕೆ ಹೋಗುತ್ತದೆ. ಇದರಲ್ಲಿ ಒಂದು ಡಾಲರ್ ತೆರಿಗೆಯೂ ಇಲ್ಲ, ಆದರೆ ಸಲ್ಲಿಸದಿದ್ದರೆ ದಂಡ ಉಂಟು. ಉದ್ದೇಶಪೂರ್ವಕವಲ್ಲದ ತಪ್ಪಿಗೆ ಖಾತೆಗೊಂದರಂತೆ ದಂಡ ಹಾಕುವಂತಿಲ್ಲ, ವರ್ಷದ ವರದಿಗೊಂದು ಎಂದು 2023ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು ಸ್ವಲ್ಪ ಸಮಾಧಾನ. ಅಪ್ಪ ಅಮ್ಮನ ಖಾತೆಗೆ ಜಂಟಿದಾರರಾಗುವ ಬದಲು ನಾಮಿನಿಯಾಗಿ ಎನ್ನುವುದು ನನ್ನ ಸಲಹೆ. ಬರೀ ನಾಮಿನಿಯಾದವರಿಗೆ ಈ ಬಾಧ್ಯತೆ ಇಲ್ಲ.

ಭಾರತದ ಮ್ಯೂಚುವಲ್ ಫಂಡ್‌ಗಳಿಗೆ ಇಲ್ಲಿನ ನಿಯಮ ತೀರಾ ಕಠಿಣ, ಫಾರ್ಮ್ 8621 ಭರ್ತಿ ಮಾಡಿಸುವ ಶುಲ್ಕವೇ ಲಾಭವನ್ನು ನುಂಗಬಹುದು. ಅವುಗಳಲ್ಲಿ ತಿಂಗಳ ಕಂತಿನ ಹೂಡಿಕೆ (ಎಸ್‌ಐಪಿ) ಇದ್ದರೆ ಹೊರಡುವ ಮೊದಲೇ ತೀರ್ಮಾನಿಸಿ. ಮೇಲುಕೋಟೆಗೋ ನಂಜನಗೂಡಿಗೋ ಕಳಿಸಿದ ಕಾಣಿಕೆ ಪುಣ್ಯದ ಖಾತೆಗೆ ಮಾತ್ರ, ಇಲ್ಲಿ ಅದಕ್ಕೆ ತೆರಿಗೆ ಕಡಿತವಿಲ್ಲ.

ಮನೆಯಲ್ಲಿ ಹೋಳಿಗೆ ಮಾಡಿ ಮಾರುವವರು, ಸಂಗೀತ ಪಾಠ ಹೇಳುವವರು ಮೊದಲು ವೀಸಾ ನೋಡಿಕೊಳ್ಳಿ. ಕೆಲಸದ ಪರವಾನಗಿ ಇಲ್ಲದ ಎಚ್-4ನವರು (ಎಚ್-1ಬಿಯವರ ಅವಲಂಬಿತರು) ದುಡಿದು ತೆರಿಗೆ ಕಟ್ಟಿದರೂ ಆ ದುಡಿಮೆ ಸಕ್ರಮವಾಗುವುದಿಲ್ಲ. ಪರವಾನಗಿ ಇದ್ದವರು ನಿವ್ವಳ ಆದಾಯ 400 ಡಾಲರ್ ಮುಟ್ಟಿದರೆ ಸ್ವಯಂ ಉದ್ಯೋಗದ ತೆರಿಗೆ ಲೆಕ್ಕ ಹಾಕಬೇಕು. ವ್ಯಾಪಾರಕ್ಕೆ ಬೇರೆಯೇ ಖಾತೆ ತೆರೆಯಿರಿ; ಮನೆಯ ದಿನಸಿ, ಹೋಳಿಗೆಯ ಬೇಳೆ ಒಂದೇ ಕಾರ್ಡಿನಲ್ಲಿ ಬಂದರೆ ತಪಾಸಣೆಯ ದಿನ ಬೇರ್ಪಡಿಸಲು ಆಗುವುದಿಲ್ಲ.

ಇಲ್ಲಿನ ತೆರಿಗೆ ಇಲಾಖೆಯಿಂದ ಸಿಪಿ2000 ಎಂಬ ಪತ್ರ ಬಂದರೆ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳಬೇಡಿ. ಅದು ಆಡಿಟ್ ಅಲ್ಲ, ನೀವು ಕೊಟ್ಟ ಲೆಕ್ಕವೂ ಬೇರೆಯವರು ಇಲಾಖೆಗೆ ಕಳಿಸಿದ ಲೆಕ್ಕವೂ ತಾಳೆಯಾಗಿಲ್ಲವೆಂಬ ಸೂಚನೆ. ಕಂಪನಿ ಕೊಟ್ಟ ಷೇರು ಮಾರಿ, ಆ ಮಾರಾಟವನ್ನು ವಿವರದಲ್ಲಿ ತೋರಿಸದವರಿಗೆ ಇದು ಬರುವುದುಂಟು; ಕೊಂಡ ಬೆಲೆ ಗೊತ್ತಿಲ್ಲದ ಇಲಾಖೆ ಪೂರ್ತಿ ಮೊತ್ತವನ್ನೇ ಲಾಭವೆಂದು ಹಿಡಿಯುತ್ತದೆ. ದಾಖಲೆ ಸಮೇತ ಗಡುವಿನೊಳಗೆ ಉತ್ತರಿಸಿ. ಸಾಮಾನ್ಯವಾಗಿ ಮೂರು ವರ್ಷದ ವಿವರಗಳನ್ನು ಕೆದಕಬಹುದು; ಬ್ಯಾಂಕ್ ಖಾತೆ, ಷೇರಿನಂಥ ವಿದೇಶಿ ಹಣಕಾಸು ಆಸ್ತಿಯಿಂದ ಬಂದ 5,000 ಡಾಲರ್‌ಗಿಂತ ಹೆಚ್ಚಿನ ಆದಾಯ ಬಿಟ್ಟುಹೋಗಿದ್ದರೆ ಆರು ವರ್ಷ. ಬೇಕೆಂದೇ ಮುಚ್ಚಿಟ್ಟದ್ದಲ್ಲವಾದರೆ, ಇಲಾಖೆ ತನಿಖೆ ಆರಂಭಿಸುವ ಮೊದಲು ‘ಸ್ಟ್ರೀಮ್‌ಲೈನ್ಡ್’ ವ್ಯವಸ್ಥೆಯಲ್ಲಿ ಮೂರು ವರ್ಷದ ತೆರಿಗೆ ವಿವರ, ಆರು ವರ್ಷದ ಎಫ್‌ಬಾರ್ ಸಲ್ಲಿಸಿ ಸರಿಪಡಿಸಿಕೊಳ್ಳಬಹುದು.

‘ಎಲ್ಲರಿಗಿಂತ ಹೆಚ್ಚು ರಿಫಂಡ್ ಕೊಡಿಸುತ್ತೇನೆ’ ಎಂದು ಹೇಳಿ, ತಾವು ತಯಾರಿಸಿದ ವಿವರಕ್ಕೆ ತಾವೇ ಸಹಿ ಹಾಕಲು ಹಿಂಜರಿಯುವವರ ಬಳಿ ಹೋಗಬೇಡಿ. ಪ್ರತಿ ಜನವರಿಯಲ್ಲಿ ಊರಿನ ಬ್ಯಾಂಕಿನಿಂದ ಜನವರಿಯಿಂದ ಡಿಸೆಂಬರ್‌ವರೆಗಿನ ಬಡ್ಡಿಯ ಲೆಕ್ಕ ತರಿಸಿಕೊಳ್ಳಿ. ಕೇಳದೇ ಇದ್ದರೆ ಅವರು ಏಪ್ರಿಲ್‌ನಿಂದ ಮಾರ್ಚ್‌ವರೆಗಿನದನ್ನು ಕೊಟ್ಟು ಕಳಿಸುತ್ತಾರೆ.