ಕಾಸ್ಮಿಕ್ ಮ್ಯೂಯಾನ್‌ನಿಂದ ಸಿಂಟಿಲೇಟರ್ ಕ್ಯಾಲಿಬ್ರೇಷನ್: ನಾನು ಮಾಡಿದ ಬಗೆ

ಸಿಂಟಿಲೇಟರ್ ಅಂದರೆ ಕಣ ದಾಟಿದಾಗ ಮಿನುಗುವ ವಸ್ತು. ಅದರ ಪಟ್ಟಿಯಿಂದ ಕಂಪ್ಯೂಟರ್‌ಗೆ ಬರುವುದು ಬರೀ ಒಂದು ಎಡಿಸಿ ಸಂಖ್ಯೆ, ಅಂದರೆ ಸಿಗ್ನಲ್ ಎಷ್ಟು ದೊಡ್ಡದೆಂದು ಅಂಕಿಯಾಗಿಸಿದ್ದು. 400 ಅಂತ ಬಂದರೆ ಎಷ್ಟು ಶಕ್ತಿ ಅಂತ ತಿಳಿಯಬೇಕು? ಅದಕ್ಕೆ ಎಷ್ಟು ಶಕ್ತಿ ಬಿಟ್ಟು ಹೋಗುತ್ತದೆಂದು ಮೊದಲೇ ಗೊತ್ತಿರುವ ಕಣ ಬೇಕು. ವೇಗವರ್ಧಕ ಯಂತ್ರದ ಕಣಗಳ ಬೀಮ್ ಸಿಗಬೇಕಾದರೆ ಸರದಿ ಕಾಯಬೇಕು. ಮ್ಯೂಯಾನ್ ಹಾಗಲ್ಲ, ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಈ ಕಣ ಸಮುದ್ರಮಟ್ಟದಲ್ಲೂ ಚದರ ಸೆಂಟಿಮೀಟರಿಗೆ ನಿಮಿಷಕ್ಕೊಂದರಂತೆ ಸುಮ್ನೆ ಬೀಳುತ್ತಲೇ ಇರುತ್ತದೆ. 1 ಸೆಂ.ಮೀ. ದಪ್ಪದ ಪ್ಲಾಸ್ಟಿಕ್ ಸಿಂಟಿಲೇಟರನ್ನು ನೆಟ್ಟಗೆ ದಾಟಿದರೆ ಸರಾಸರಿ 2 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಬಿಟ್ಟು ಹೋಗುತ್ತದೆ.

ಆದರೆ ಎಲ್ಲವೂ ನೆಟ್ಟಗೆ ಬರುವುದಿಲ್ಲವಲ್ಲ. 45 ಡಿಗ್ರಿ ಓರೆಯಾಗಿ ಬಂದದ್ದು 1.4 ಪಟ್ಟು ಪ್ಲಾಸ್ಟಿಕ್ ದಾಟುತ್ತದೆ, ಬೆಳಕೂ ಅಷ್ಟೇ ಜಾಸ್ತಿ. ಅದಕ್ಕೆ ಪಟ್ಟಿಯ ಮೇಲೊಂದು, ಕೆಳಗೊಂದು 10 ಸೆಂ.ಮೀ. ಚೌಕದ ಪ್ಯಾಡಲ್ (ಚಿಕ್ಕ ಸಿಂಟಿಲೇಟರ್ ಹಲಗೆ) ಇಟ್ಟೆ, ನಡುವೆ 50 ಸೆಂ.ಮೀ. ಅಂತರ. ಎರಡರಲ್ಲೂ ಒಟ್ಟಿಗೆ ಸಿಗ್ನಲ್ ಬಂದರೆ ಮಾತ್ರ ಟ್ರಿಗರ್, ಅಂದರೆ ಆ ಘಟನೆ ದಾಖಲು. ಹೀಗೆ ಮಾಡಿದರೆ ಮೂಲೆಯಿಂದ ಮೂಲೆಗೆ ಹೋದ ಮ್ಯೂಯಾನ್‌ಗೂ ದಾರಿ ಶೇ. 4ರಷ್ಟೇ ಉದ್ದ. ಇದಕ್ಕೆ ತೆತ್ತ ಬೆಲೆ ಅಂದರೆ ಕಾಯುವುದು. ಒಂದೇ ಪ್ಯಾಡಲ್‌ನಲ್ಲಿ ನಿಮಿಷಕ್ಕೆ ನೂರರಷ್ಟು ಬರುತ್ತಿದ್ದದ್ದು ಈಗ ಒಂದೋ ಎರಡೋ. ರಾತ್ರಿಯಿಡೀ ಓಡಲು ಬಿಟ್ಟು ಮನೆಗೆ ಹೋಗುತ್ತಿದ್ದೆ.

ಅದಕ್ಕೂ ಮೊದಲು ಕಪ್ಪು ಟೇಪ್ ಸುತ್ತಿದ ಪಟ್ಟಿಯನ್ನು ಪರೀಕ್ಷಿಸಿದೆ. ಕೋಣೆಯ ಲೈಟ್ ಹಾಕಿದಾಗ ಎಣಿಕೆ ಏರಿದರೆ ಎಲ್ಲೋ ಬೆಳಕು ಸೋರುತ್ತಿದೆ ಅಂತಲೇ ಅರ್ಥ. ಸಾಮಾನ್ಯವಾಗಿ ಬೆಳಕನ್ನು ವಿದ್ಯುತ್ ಸಿಗ್ನಲ್ ಆಗಿಸುವ ಟ್ಯೂಬ್ ಅಂಟಿಸಿದ ಜಾಗದಲ್ಲೇ.

ಬೆಳಗ್ಗೆ ಹಿಸ್ಟೋಗ್ರಾಮ್ (ಯಾವ ಸಂಖ್ಯೆ ಎಷ್ಟು ಸಲ ಬಂತು ಎಂಬ ನಕ್ಷೆ) ನೋಡಿದರೆ ಎಡಗಡೆ ಚೂಪಾದ ಏರು, ಬಲಗಡೆ ಉದ್ದ ಬಾಲ. ಮ್ಯೂಯಾನ್ ಒಮ್ಮೊಮ್ಮೆ ಎಲೆಕ್ಟ್ರಾನನ್ನು ಜೋರಾಗಿ ತಳ್ಳುತ್ತದೆ, ಆ ಬಾಲ ಅದರಿಂದ. ಹಾಗಾಗಿ ಸರಾಸರಿಯನ್ನು ನಾನು ನಂಬುವುದಿಲ್ಲ. ಇಂಥ ಉದ್ದ ಬಾಲದ ಆಕಾರವಿರುವ ಲ್ಯಾಂಡೌ ರೇಖೆ ಹೊಂದಿಸಿ ಶಿಖರ ಹುಡುಕುತ್ತೇನೆ, ಪೆಡೆಸ್ಟಲ್ (ಕಣ ಇಲ್ಲದಾಗಲೂ ಬರುವ ಮೂಲ ಸಂಖ್ಯೆ) ಕಳೆಯುತ್ತೇನೆ. ಶಿಖರ ಸರಾಸರಿಗಿಂತ ಸ್ವಲ್ಪ ಕೆಳಗೇ ಇರುತ್ತದೆ. ಅದನ್ನು ಸರಾಸರಿಯಾದ 2ಕ್ಕೆ ಹೋಲಿಸದೆ ಸಿಮ್ಯುಲೇಷನ್‌ನ ಶಿಖರಕ್ಕೆ ಹೋಲಿಸಬೇಕು. ಪಟ್ಟಿಗಳ ನಡುವೆ ವ್ಯತ್ಯಾಸ ಕಂಡರೆ ಟ್ಯೂಬಿನ ಹೈವೋಲ್ಟೇಜ್ ತಿರುಗಿಸಿದರಾಯಿತು, ಆದರೆ ಹುಷಾರು: ನನ್ನ ಟ್ಯೂಬ್‌ಗಳಲ್ಲಿ ಶೇ. 10 ಏರಿಸಿದರೆ ಸಿಗ್ನಲ್ ಹತ್ತಿರಹತ್ತಿರ ದುಪ್ಪಟ್ಟಾಗುತ್ತಿತ್ತು.

ದೊಡ್ಡವರೂ ಮಾಡುವುದು ಇದನ್ನೇ. 2008ರಲ್ಲಿ ಯುರೋಪಿನ ಕಣಭೌತ ಪ್ರಯೋಗಾಲಯ ಸೆರ್ನ್‌ನ ಸಿಎಂಎಸ್ ಎಂಬ ದೊಡ್ಡ ಕಣ ಶೋಧಕದ ತಂಡ 3.8 ಟೆಸ್ಲಾ ಕಾಂತಕ್ಷೇತ್ರದಲ್ಲಿ ಸುಮಾರು 27 ಕೋಟಿ ಕಾಸ್ಮಿಕ್ ಘಟನೆಗಳನ್ನು ದಾಖಲಿಸಿ, ಕಣದ ದಾರಿ ಗುರುತಿಸುವ ಟ್ರ್ಯಾಕರ್‌ನ ಮಾಡ್ಯೂಲ್‌ಗಳು ನಿಜವಾಗಿ ಎಲ್ಲಿ ಕೂತಿವೆ ಅಂತ ಲೆಕ್ಕ ಹಾಕಿತು. ಅಲ್ಲೂ ತೊಂದರೆ ದಿಕ್ಕಿನದೇ. ಮ್ಯೂಯಾನ್ ಬರುವುದು ಮೇಲಿನಿಂದ, ಹಾಗಾಗಿ ಪಕ್ಕಕ್ಕೆ ನೆಟ್ಟಗೆ ನಿಂತ ಮಾಡ್ಯೂಲ್‌ಗಳ ಪಾಲಿಗೆ ಬರುವುದು ತೀರಾ ಕಡಿಮೆ.