ಬಾಗಿಲ ಸಂದು ಸರಿಯಾಗಲು ಮೂತಿ ಎತ್ತಬೇಕಾಯಿತು

ನನ್ನದು 1968ರ ಶೆವ್ರೊಲೆ ಸಿ-10 ಪಿಕಪ್. ಅದನ್ನು ದುರಸ್ತಿ ಮಾಡಿ ಮತ್ತೆ ಜೋಡಿಸಲು ಹೊರಟು, ಬಿಚ್ಚುವ ಹುಮ್ಮಸ್ಸಿನಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಬೋಲ್ಟುಗಳ ಹಿಂದೆ ಸಿಕ್ಕ ಶಿಮ್‌ಗಳನ್ನೆಲ್ಲ, ಅಂದರೆ ಅಳತೆ ಹೊಂದಿಸಲು ಇಡುವ ಆ ತೆಳು ತಗಡಿನ ತುಂಡುಗಳನ್ನು, ಒಂದೇ ಡಬ್ಬಕ್ಕೆ ಸುರಿದುಬಿಟ್ಟೆ. ಎಡಗಡೆ ಮೂರು ಇದ್ದವು, ಬಲಗಡೆ ಒಂದೇ ಇತ್ತು ಅನ್ನುವುದಷ್ಟೇ ನೆನಪು. ಯಾವುದು ಎಲ್ಲಿತ್ತು ಅಂತ ಬರೆದಿಟ್ಟಿದ್ದರೆ ಒಂದು ವಾರದ ಕೆಲಸ ಉಳಿಯುತ್ತಿತ್ತು.

ಆ ಕಾಲದ ಪಿಕಪ್‌ಗಳ ಎಡಬಲ ಒಂದೇ ಅಳತೆಯಲ್ಲಿ ಇರುತ್ತಿರಲಿಲ್ಲ. ಜೋಡಿಸುವವರು ಕಣ್ಣಳತೆಯಲ್ಲಿ ನೋಡಿ, ಶಿಮ್ ತುರುಕಿ, ಬೇಕಾದ ಕಡೆ ಸ್ವಲ್ಪ ಬಗ್ಗಿಸಿ ಕೂರಿಸುತ್ತಿದ್ದರು. ಅದರ ಮೇಲೆ ಐವತ್ತು ವರ್ಷ ಓಡಿದ ಗಾಡಿ ಬೇರೆ. ನನ್ನ ಗಾಡಿಯ ಒಂದು ಫೆಂಡರಿನಲ್ಲಿ ಸೈಡ್ ಮಾರ್ಕರ್‌ಗೆ, ಅಂದರೆ ಪಕ್ಕದಿಂದ ಕಾಣುವ ಪುಟ್ಟ ದೀಪ ಅಥವಾ ರಿಫ್ಲೆಕ್ಟರ್‌ಗೆ, ಜಾಗವೇ ಇರಲಿಲ್ಲ. ಅಮೆರಿಕದಲ್ಲಿ ಅದು ಕಡ್ಡಾಯವಾದದ್ದು 1968ರಿಂದ. ಅಂದರೆ ಯಾರೋ 1967ರ ಗಾಡಿಯ ಫೆಂಡರ್ ತಂದು ಹಾಕಿದ್ದರು!

ಬಾಗಿಲ ಕೆಳಗಿನ ಉದ್ದನೆಯ ಪಟ್ಟಿ, ಅಂದರೆ ರಾಕರ್, ತುಕ್ಕು ಹಿಡಿದಿತ್ತು. ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಪೈಪ್ ವೆಲ್ಡ್ ಮಾಡಿದೆ. ಇಲ್ಲದಿದ್ದರೆ ಕ್ಯಾಬಿನ್ ಬಾಯಿ ಬಿಡುತ್ತದೆ, ಆಮೇಲೆ ಯಾವ ಬಾಗಿಲೂ ಕೂರುವುದಿಲ್ಲ. ಇಂಜಿನ್ ಇಳಿಸಿ, ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಬಾಗಿಲು, ಫೆಂಡರ್‌ಗಳ ನಡುವಿನ ಸಂದು ನೋಡುವುದೂ ವ್ಯರ್ಥ. ಇಂಜಿನ್ ಒಳಗಿರಬೇಕು, ಬಾಗಿಲಲ್ಲಿ ಗಾಜಿರಬೇಕು, ನಾಲ್ಕೂ ಚಕ್ರ ನೆಲದ ಮೇಲಿರಬೇಕು. ಭಾರ ಬಿದ್ದಾಗ ಚಾಸಿ ಹೇಗೆ ನಿಲ್ಲುತ್ತದೋ ಅದೇ ನಮ್ಮ ಲೆಕ್ಕ.

ನಾನು ಬಾಗಿಲಿಂದ ಶುರು ಮಾಡಿದೆ. ಕ್ಯಾಬಿನ್ನನ್ನು ಬೇಕಾದ ಹಾಗೆ ಎಳೆದಾಡಲು ಆಗುವುದಿಲ್ಲ, ಹಾಗಾಗಿ ಬಾಗಿಲು ಅದಕ್ಕೆ ಹೊಂದಬೇಕು, ಫೆಂಡರ್ ಬಾಗಿಲಿಗೆ, ಬಾನೆಟ್ ಫೆಂಡರಿಗೆ. ಬಾಗಿಲು ತೆರೆದು ಅದರ ಹಿಂದಿನ ತುದಿ ಹಿಡಿದು ಎತ್ತಿದರೆ ಅಲ್ಲಾಡುತ್ತಿತ್ತು. ಹಿಂಜ್‌ನ (ಬಾಗಿಲ ಕೀಲಿನ) ಪಿನ್ನು, ಅದು ಕೂರುವ ಬುಷ್ ಸವೆದಿದ್ದವು. ಅವನ್ನು ಬದಲಿಸದೆ ಬೋಲ್ಟ್ ಸಡಿಲಿಸಿ ತಿರುಗಿಸುವುದು ಸುಮ್ನೆ ಕಾಲಹರಣ.

ಸಂದು ಅಳೆಯಲು ಡ್ರಿಲ್ ಬಿಟ್‌ಗಳೇ ಸಾಕು. 4 ಮಿ.ಮೀ. ಬಿಟ್ ಹೋಗುತ್ತದಾ, 5ರದ್ದು ಹೋಗುತ್ತದಾ ಅಂತ ನೋಡಿ ಮಾಸ್ಕಿಂಗ್ ಟೇಪ್ ಮೇಲೆ ಬರೆಯುತ್ತಾ ಹೋದೆ. ಎಡ ಫೆಂಡರ್ ಮತ್ತು ಬಾಗಿಲ ನಡುವೆ ಮೇಲೆ 8, ಕೆಳಗೆ 3 ಬಂತು. ಫೆಂಡರ್ ಅಂಚು ಉಜ್ಜಿಬಿಡೋಣ ಅಂತ ಗ್ರೈಂಡರ್ ಕೈಗೆತ್ತಿಕೊಂಡಿದ್ದೆ. ಪುಣ್ಯಕ್ಕೆ ಮೊದಲು ಟೀ ಕುಡಿಯಲು ಹೋದೆ.

ಕುಡಿಯುತ್ತಾ ದೂರದಿಂದ ನೋಡಿದಾಗ ಗಾಡಿಯ ಮೂತಿಯೇ ತಗ್ಗಿದೆ ಅನ್ನಿಸಿತು. ರೇಡಿಯೇಟರ್ ಚೌಕಟ್ಟು ಚಾಸಿಯ ಮೇಲೆ ಕೂರುವ ಜಾಗದಲ್ಲಿ ರಬ್ಬರ್ ಇರುತ್ತದೆ. ಅದು ಚಪ್ಪಟೆಯಾಗಿತ್ತು. ಮುಂಭಾಗ ಇಳಿದಾಗ ಫೆಂಡರ್ ಒಟ್ಟಾಗಿ ಮುಂದಕ್ಕೆ ವಾಲುತ್ತದೆ: ಹಿಂದಿನ ಅಂಚಿನ ಮೇಲ್ತುದಿ ಬಾಗಿಲಿಂದ ದೂರ ಸರಿಯುತ್ತದೆ, ಕೆಳತುದಿ ಬಾಗಿಲಿಗೆ ಒತ್ತುತ್ತದೆ. ಹೊಸ ರಬ್ಬರ್ ಹಾಕಿ, ಅದರಡಿ ಶಿಮ್ ಇಟ್ಟು ಸುಮಾರು 9 ಮಿ.ಮೀ. ಎತ್ತಿದೆ. ಸಂದು ಮೇಲೆ ಕೆಳಗೆ ಎರಡೂ ಕಡೆ ಐದರ ಹತ್ತಿರ ಬಂತು. ಬಾಗಿಲ ಹತ್ತಿರದ ರೋಗಕ್ಕೆ ಮದ್ದು ಒಂದು ಮೀಟರ್ ಮುಂದೆ ಇತ್ತು ಅಂದರೆ ನಂಬುತ್ತೀರಾ?

ಬಲ ಫೆಂಡರ್ ತುಕ್ಕಿಗೆ ಹೋಗಿತ್ತು, ಹೊಸದು ತರಿಸಿದೆ. ಇಂಥ ಬದಲಿ ಪ್ಯಾನೆಲ್‌ಗಳನ್ನು ಹಳೆಯ ಅಚ್ಚಿನಲ್ಲಿ ಒತ್ತಿರುವುದಿಲ್ಲ, ಹಾಗಾಗಿ ಅಷ್ಟಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ನನ್ನದರ ಬೋಲ್ಟ್ ತೂತುಗಳು 4 ಮಿ.ಮೀ. ಆಚೆ ಇದ್ದವು, ಉದ್ದಕ್ಕೆ ಕೊರೆದೆ. ಅದಕ್ಕಿಂತ ಕಷ್ಟ ಕೊಟ್ಟಿದ್ದು ಗಾಡಿಯ ಪಕ್ಕದಲ್ಲಿ ಫೆಂಡರಿಂದ ಬಾಗಿಲಿಗೆ ಸಾಗುವ ಮಡಿಕೆಯ ಗೆರೆ. ಬಾಗಿಲ ಗೆರೆಗಿಂತ 3 ಮಿ.ಮೀ. ಮೇಲಿತ್ತು. ಗೆರೆ ಸರಿಮಾಡಿದರೆ ಸಂದು ಕೆಡುತ್ತಿತ್ತು, ಸಂದು ಸರಿಮಾಡಿದರೆ ಗೆರೆ. ನಾನು ಗೆರೆಯ ಕಡೆ ನಿಂತೆ. ಬೆಳಕು ಬಿದ್ದಾಗ ಮುರಿದ ಗೆರೆ ದೂರಕ್ಕೇ ಕಾಣುತ್ತದೆ, ಸಂದು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ ಅಲ್ವಾ? ಉಳಿದ ಅಗಲ ಸಂದಿಗೆ ಅಂಚಿನುದ್ದಕ್ಕೂ ಚುಕ್ಕಿ ಚುಕ್ಕಿಯಾಗಿ ವೆಲ್ಡ್ ಇಟ್ಟು, ತಣ್ಣಗಾಗಲು ಬಿಟ್ಟು ಬಿಟ್ಟು, ಆಮೇಲೆ ಉಜ್ಜಿದೆ. ಒಂದೇ ಸಲ ಎಳೆದರೆ ತಗಡು ಸೊಟ್ಟಗಾಗುತ್ತದೆ.

ಬಾಗಿಲ ಸುತ್ತಿನ ರಬ್ಬರ್ ಹಾಕದೆ ಎಲ್ಲವನ್ನೂ ಹೊಂದಿಸಿದ್ದೆ. ಹೊಸ ರಬ್ಬರ್ ಕೂರಿಸಿದ ಮೇಲೆ ಬಾಗಿಲಿನ ಹಿಂದಿನ ಅಂಚು 5 ಮಿ.ಮೀ. ಹೊರಗೆ ನಿಂತಿತು. ಬಾಗಿಲ ಚಿಲಕ ಸಿಕ್ಕಿಕೊಳ್ಳುವ ಸ್ಟ್ರೈಕರ್ ಸ್ವಲ್ಪ ಒಳಕ್ಕೆ ಸರಿಸಿ ಮೂರು ವಾರ ಬಾಗಿಲು ಮುಚ್ಚಿಟ್ಟೆ. ರಬ್ಬರ್ ಮೆತ್ತಗಾಗಿ ಹೆಚ್ಚುಕಡಿಮೆ ಸರಿಯಾಯಿತು. ಬಣ್ಣಕ್ಕೂ ಜಾಗ ಬಿಡಬೇಕು. ಎರಡೂ ಅಂಚಿಗೆ ಪ್ರೈಮರ್, ಬಣ್ಣ ಬಿದ್ದು ಸಂದಿನಲ್ಲಿ ಅರ್ಧ ಮಿ.ಮೀ. ಹತ್ತಿರ ತಿಂದುಹಾಕಿತು.

ಸಾಮಾನು ಹೇರುವ ಹಿಂದಿನ ತೊಟ್ಟಿ ಕೊನೆಗೆ ಬಂತು. ಅದು ಚಾಸಿಗೆ ಬೇರೆಯೇ ಬೋಲ್ಟ್ ಆಗುವುದರಿಂದ ತಲೆನೋವು ಕಡಿಮೆ, ಅಡಿಯಲ್ಲಿ ಪ್ಯಾಕಿಂಗ್ ಕೊಟ್ಟರೆ ಮುಗಿಯಿತು. ಆದರೂ ಕ್ಯಾಬಿನ್ನಿಗೂ ತೊಟ್ಟಿಗೂ ನಡುವಿನ ಸಂದು ಎಡಕ್ಕಿಂತ ಬಲಕ್ಕೆ 2 ಮಿ.ಮೀ. ಜಾಸ್ತಿ ಇದೆ. ಅದನ್ನು ಹಾಗೇ ಬಿಟ್ಟಿದ್ದೇನೆ.