ಶೋ ಗೆದ್ದವರ ಹಾಡಿಗೆ ಎದುರು ಹಾಡು: ಕರಾವಳಿಯಲ್ಲಿ ಅಭಿಯಾನ ಕಟ್ಟುವ ಬಗೆ

ಟಿವಿಯ ಗಾಯನ ಶೋ ಗೆದ್ದವರ ಹಾಡಿಗೆ ಎದುರಾಗಿ ನಾವು ಆರಿಸಿದ ಹಾಡೊಂದನ್ನು ಜನ ಸೇರಿ ಕೇಳಿ, ಹೆಚ್ಚು ಓಡುವ ಹಾಡುಗಳ ವಾರದ ಪಟ್ಟಿಯಲ್ಲಿ ಅವರಿಗಿಂತ ಮೇಲಕ್ಕೆ ತರುವುದು ಈ ಅಭಿಯಾನ. ಮೊದಲು ಪಟ್ಟಿ ಆರಿಸಿ, ಹಾಡು ಆಮೇಲೆ. ಮಂಗಳೂರು, ಉಡುಪಿ ಕಡೆ ಇಂಥ ಮಾತು ಬಂದಾಗೆಲ್ಲ ಚರ್ಚೆ ಶುರುವಾಗುವುದೇ "ಯಾವ ಪದ್ಯ ಇಡುವ?" ಎಂಬಲ್ಲಿಂದ. ತುಳುವಾ, ಕೊಂಕಣಿಯಾ, ಹಳೆಯ ಭಾವಗೀತೆಯಾ ಎಂದು ಎರಡು ವಾರ ಎಳೆದಾಡುವಷ್ಟರಲ್ಲಿ ಫಿನಾಲೆ ಮುಗಿದು, ಗೆದ್ದವರಿಗೆ ಊರಿನಲ್ಲಿ ಮೆರವಣಿಗೆಯೂ ಆಗಿರುತ್ತದೆ. ಯಾವ ಪಟ್ಟಿ, ಅದರಲ್ಲಿ ಏನನ್ನು ಎಣಿಸುತ್ತಾರೆ, ಎಣಿಕೆಯ ವಾರ ಯಾವತ್ತು ಶುರು: ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಹಾಡಿನ ಜಗಳ ಆಡಿದರಾಯಿತು.

ಈ ಆಟ ಜೋರಾಗಿ ನಡೆದದ್ದು ಬ್ರಿಟನ್ನಿನಲ್ಲಿ. 'ದಿ ಎಕ್ಸ್ ಫ್ಯಾಕ್ಟರ್' ಎಂಬ ಟಿವಿ ಗಾಯನ ಶೋ ಡಿಸೆಂಬರ್ ನಡುವೆ ಮುಗಿಯುತ್ತಿತ್ತು, ಗೆದ್ದವರ ಹಾಡು ಕೂಡಲೇ ಮಾರಾಟಕ್ಕೆ ಬರುತ್ತಿತ್ತು. 2005ರಿಂದ 2008ರವರೆಗೆ ಸತತ ನಾಲ್ಕು ವರ್ಷ ಕ್ರಿಸ್‌ಮಸ್ ವಾರದ ಮಾರಾಟ ಪಟ್ಟಿಯ ಮೊದಲ ಸ್ಥಾನ ಆ ಶೋ ಗೆದ್ದವರದೇ. 2008ರಲ್ಲಿ ಅಲೆಕ್ಸಾಂಡ್ರಾ ಬರ್ಕ್ ಹಾಡಿದ 'ಹಲ್ಲೆಲೂಯಾ'ಕ್ಕೆ ಎದುರಾಗಿ ಜನ ಅದೇ ಹಾಡನ್ನು ಜೆಫ್ ಬಕ್ಲಿ ದನಿಯಲ್ಲಿ ಕೊಂಡು ಎರಡನೇ ಸ್ಥಾನಕ್ಕೆ ತಂದರು. ಮರುವರ್ಷ ಜಾನ್ ಮತ್ತು ಟ್ರೇಸಿ ಮಾರ್ಟರ್ ದಂಪತಿ ಫೇಸ್‌ಬುಕ್ ಗುಂಪು ಕಟ್ಟಿ, ರೇಜ್ ಅಗೇನ್‌ಸ್ಟ್ ದ ಮಶೀನ್ ಎಂಬ ಅಮೆರಿಕದ ರಾಕ್ ತಂಡದ 1992ರ 'ಕಿಲ್ಲಿಂಗ್ ಇನ್ ದ ನೇಮ್' ಹಾಡನ್ನು ಇಳಿಸಿಕೊಳ್ಳಿ ಎಂದು ಕರೆ ಕೊಟ್ಟರು. 2009ರ ಡಿಸೆಂಬರ್ 20ರಂದು ಪಟ್ಟಿ ಬಂದಾಗ ಅದು 5 ಲಕ್ಷಕ್ಕೂ ಮಿಕ್ಕಿ ಮಾರಾಟವಾಗಿ, ಆ ವರ್ಷ ಶೋ ಗೆದ್ದ ಜೋ ಮೆಕ್‌ಎಲ್ಡೆರಿಯ ಹಾಡಿಗಿಂತ ಸುಮಾರು 50,000 ಪ್ರತಿ ಮುಂದಿತ್ತು.

ಹದಿನೇಳು ವರ್ಷ ಹಳೆಯ ಹಾಡು ಪಟ್ಟಿಗೆ ಹತ್ತಿದ್ದು ಹೇಗೆ? 2007ರ ಜನವರಿಯಿಂದ ಅಲ್ಲಿ ಅಂಗಡಿಗೆ ಸಿಡಿ ಬಾರದಿದ್ದರೂ ಡೌನ್‌ಲೋಡ್ ಒಂದನ್ನೇ ಎಣಿಸಲು ಶುರು ಮಾಡಿದ್ದರು. ಆ ನಿಯಮ ಇರದಿದ್ದರೆ ಫೇಸ್‌ಬುಕ್ಕಿನಲ್ಲಿ ಎಷ್ಟು ಲಕ್ಷ ಜನ ಸೇರಿದ್ದರೂ ಆಗುವಂಥದ್ದು ಏನೂ ಇರಲಿಲ್ಲ. ಇನ್ನೊಂದನ್ನೂ ಗಮನಿಸಿ: ವಾರದ ಮೊದಲ ದಿನಗಳಲ್ಲಿ ರೇಜ್ ತಂಡ ತುಂಬ ಮುಂದಿತ್ತು. ವಾರದ ನಡುವೆ ಮೆಕ್‌ಎಲ್ಡೆರಿಯ ಸಿಡಿ ಅಂಗಡಿಗೆ ಬಂದದ್ದೇ ಅಂತರ ಕುಸಿಯಿತು. ನಿಮ್ಮ ಬಲವನ್ನೆಲ್ಲ ಮೊದಲ ದಿನವೇ ಸುರಿಯಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ.

2010ರಲ್ಲಿ ಆದದ್ದು ಅದರ ತಿರುಗುಮುರುಗು. ಒಬ್ಬರು ಒಂದು ಹಾಡು ಹಿಡಿದರೆ ಇನ್ನೊಬ್ಬರು ಇನ್ನೊಂದು. 'ಸರ್ಫಿನ್ ಬರ್ಡ್' ಮೂರಕ್ಕೆ ನಿಂತಿತು, ಶೋ ಗೆದ್ದವನ ಹಾಡಿನ ಮೂಲ ಆವೃತ್ತಿ ಎಂಟಕ್ಕೆ, ಜಾನ್ ಕೇಜ್‌ನ ವಾದ್ಯವನ್ನೇ ನುಡಿಸದ ಮೌನದ ಕೃತಿ ಇಪ್ಪತ್ತೊಂದಕ್ಕೆ. ಆ ವರ್ಷ ಶೋ ಗೆದ್ದ ಮ್ಯಾಟ್ ಕಾರ್ಡಲ್ ಆರಾಮಾಗಿ ಮೊದಲ ಸ್ಥಾನದಲ್ಲಿ ಕೂತ. ತುಳುವರು ಒಂದು, ಕೊಂಕಣಿಯವರು ಒಂದು, ಬ್ಯಾರಿ ಭಾಷೆಯವರು ಒಂದು ಎಂದು ಇಲ್ಲಿ ಹೊರಟರೂ ಗತಿ ಅದೇ.

ಈಗ ನಮ್ಮ ಕಡೆಗೆ. ಆಗ ಬ್ರಿಟನ್ನಿನಲ್ಲಿದ್ದಂತೆ ಇಡೀ ದೇಶ ಭಾನುವಾರ ಕಾದು ಕೂರುವ ಒಂದೇ ಪಟ್ಟಿ ಭಾರತದಲ್ಲಿಲ್ಲ. ಸ್ಪಾಟಿಫೈಯದು ಬೇರೆ, ಯೂಟ್ಯೂಬ್ ಮ್ಯೂಸಿಕ್‌ನದು ಬೇರೆ, ಆ್ಯಪಲ್ ಮ್ಯೂಸಿಕ್‌ನದು ಬೇರೆ. ಇವುಗಳಲ್ಲಿ ಎಣಿಸುವುದು ಮಾರಾಟವನ್ನಲ್ಲ, ಜನ ಎಷ್ಟು ಸಲ ಕೇಳಿದರು ಎಂಬುದನ್ನು. ಒಂದನ್ನೇ ಹಿಡಿಯಿರಿ. ಹಾಡಿನ ಆ್ಯಪ್‌ಗಳಲ್ಲಿ 'ಕನ್ನಡ ಟಾಪ್ 50' ಎಂಬ ಹೆಸರಿನಲ್ಲಿ ಕಾಣುವುದೆಲ್ಲ ಎಣಿಕೆಯ ಪಟ್ಟಿಯೂ ಅಲ್ಲ. ಕೆಲವನ್ನು ಸಂಪಾದಕರು ಕೂತು ಜೋಡಿಸುತ್ತಾರೆ, ಅದರಲ್ಲಿ ನಿಮ್ಮ ಆಟ ನಡೆಯದು. ಹತ್ತು ದಿನ ಗಮನಿಸಿ: ಸ್ಥಾನಗಳು ದಿನವೂ ಸಣ್ಣಸಣ್ಣಗೆ ಏರಿಳಿದರೆ ಎಣಿಕೆಯದ್ದಿರಬಹುದು; ವಾರಕ್ಕೊಮ್ಮೆ ಐದಾರು ಹಾಡು ಒಟ್ಟಿಗೇ ಬದಲಾಗಿ ಉಳಿದವು ಅಲ್ಲಾಡದಿದ್ದರೆ ಯಾರೋ ಕೈಯಿಂದ ಇಡುತ್ತಿದ್ದಾರೆ ಎಂದು ತಿಳಿಯಿರಿ.

ಎದುರಾಳಿ ಹಾಡು ಯಾವುದೆಂಬುದೂ ಇಲ್ಲಿ ಅಷ್ಟು ಸರಳವಲ್ಲ. ಕನ್ನಡದ 'ಸರಿಗಮಪ'ದಂಥ ಶೋಗಳಲ್ಲಿ ಗೆದ್ದ ರಾತ್ರಿಯೇ ಹೊಸ ಹಾಡು ಮಾರುಕಟ್ಟೆಗೆ ಬಿಡುವ ಬ್ರಿಟನ್ನಿನ ಕ್ರಮ ಇಲ್ಲ. ಗೆದ್ದವರ ಹೆಸರು ಓಡುವುದು ವಾಹಿನಿ ಏರಿಸುವ ಫಿನಾಲೆಯ ವಿಡಿಯೊದಲ್ಲಿ, ಆಮೇಲೆ ಸಿಗುವ ಸಿನಿಮಾ ಹಾಡಿನಲ್ಲಿ. ಶೋದ ವಿಡಿಯೊ ನೀವು ಆರಿಸಿದ ಪಟ್ಟಿಯಲ್ಲಿ ಬರುತ್ತದೆಯೇ ಎಂದು ಹಿಂದಿನ ಸೀಸನ್ ಮುಗಿದ ವಾರದ ಪಟ್ಟಿ ತೆಗೆದು ನೋಡಿ. ಬಂದೇ ಇಲ್ಲವಾದರೆ ಗುದ್ದಾಟ ಯಾರ ಜೊತೆ? ಆಗ ಸಿನಿಮಾ ಹಾಡು ಬಿಡುಗಡೆಯಾಗುವ ವಾರಕ್ಕೆ ಕಾಯಿರಿ.

ಪಟ್ಟಿಯ ವಾರ ನಿಮಗೆ ಅನುಕೂಲವಾಗಿಯೇ ಇದೆ. ಸ್ಪಾಟಿಫೈ ಮತ್ತು ಯೂಟ್ಯೂಬ್ ಮ್ಯೂಸಿಕ್‌ನ ವಾರದ ಪಟ್ಟಿಗಳು ಶುಕ್ರವಾರದಿಂದ ಗುರುವಾರದವರೆಗಿನ ಲೆಕ್ಕ. ಫಿನಾಲೆ ಭಾನುವಾರ ರಾತ್ರಿಯಾದರೆ ಗೆದ್ದವರ ವಿಡಿಯೊಗೆ ಆ ವಾರ ಸಿಗುವುದು ನಾಲ್ಕು ಚಿಲ್ಲರೆ ದಿನ, ನಿಮಗೆ ಪೂರ್ತಿ ಏಳು.

ಎಷ್ಟು ಜನ ಬೇಕು? ಸ್ಪಾಟಿಫೈಯ ಚಾರ್ಟ್ ಪುಟಕ್ಕೆ ಲಾಗಿನ್ ಆದರೆ ಪ್ರತಿ ಹಾಡಿನ ಎದುರು ಎಷ್ಟು ಸಲ ಕೇಳಿದರು ಎಂಬ ಅಂಕಿ ಇರುತ್ತದೆ. ನಿಮ್ಮ ಗುರಿಯ ಸ್ಥಾನದ ಅಂಕಿ ತೆಗೆದುಕೊಳ್ಳಿ. ಲೆಕ್ಕದ ಕ್ರಮ ತೋರಿಸಲಿಕ್ಕೆ ಮಾತ್ರ ಹೇಳುವುದಾದರೆ, ಆ ಸ್ಥಾನಕ್ಕೆ ದಿನಕ್ಕೆ 70,000 ಬೇಕೆಂದಿಟ್ಟುಕೊಳ್ಳಿ. ಏಳು ದಿನಕ್ಕೆ 4,90,000. ಒಬ್ಬರು ದಿನಕ್ಕೆ ಐದು ಸಲ ಕೇಳಿದರೆ ವಾರಕ್ಕೆ 35, ಅಂದರೆ 14,000 ಜನ. ಆದರೆ "ಆಯ್ತು ಮಾರ್ರೆ, ಕೇಳುವ" ಎಂದವರಲ್ಲಿ ಮೂರನೇ ಒಂದು ಪಾಲನ್ನು ಮಾತ್ರ ನಂಬಬೇಕು. ಹಾಗಾಗಿ ಬೇಕಾದದ್ದು 42,000 "ಆಯ್ತು". ಈ ಅಂಕಿ ನೋಡಿ ಎದೆ ಧಸಕ್ಕೆಂದರೆ ಗುರಿ ಇಳಿಸಿ. ಹಿಂದಿ, ತಮಿಳು, ತೆಲುಗು ಹಾಡುಗಳು ತುಂಬಿದ ಭಾರತದ ಪಟ್ಟಿಯಲ್ಲಿ ಕರಾವಳಿಯ ಹಾಡು ಮೊದಲ ಸ್ಥಾನಕ್ಕೆ ಬರುತ್ತದೆ ಎಂದು ಬೋರ್ಡು ಹಾಕಿಕೊಂಡರೆ ನಗೆಪಾಟಲು. ಎದುರಾಳಿ ಹಾಡಿಗಿಂತ ಒಂದು ಮೆಟ್ಟಿಲು ಮೇಲೆ ಎನ್ನುವುದು ಮರ್ಯಾದೆಯ ಗುರಿ.

ಹಾಡಿಗೆ ಬೇಕಾದ ಗುಣಗಳು ಕೆಲವೇ. ಎಲ್ಲರಿಗೂ ಅರ್ಧ ಬಾಯಿಪಾಠ ಇರಬೇಕು. ಹಕ್ಕು ಯಾರದೆಂದು ಗೊತ್ತಿರಬೇಕು. ರೇಡಿಯೊದಲ್ಲಿ ಹಾಕುವಂತಿರಬೇಕು: 2009ರಲ್ಲಿ ರೇಜ್ ತಂಡದವರು ಬಿಬಿಸಿ ರೇಡಿಯೊದಲ್ಲಿ ನೇರ ಹಾಡುವಾಗ, ಬೇಡವೆಂದಿದ್ದ ಬೈಗುಳವನ್ನೇ ಹಾಡಿ, ಪ್ರಸಾರವನ್ನು ನಡುವೆಯೇ ಕಡಿಯಬೇಕಾಯಿತು. ಅಲ್ಲಿ ಅದರಿಂದ ಪ್ರಚಾರ ಸಿಕ್ಕಿತು. ಇಲ್ಲಿ ಮನೆಯ ಟಿವಿ ಎದುರು ಅಜ್ಜಿಯೂ ಕೂತಿರುತ್ತಾರೆ, ಅಂಥದ್ದು ಬೇಡ.

ಹಳೆಯ ತುಳು, ಕೊಂಕಣಿ ಹಾಡುಗಳಲ್ಲಿ ಒಂದು ದೊಡ್ಡ ತೊಡಕು ಇದೆ. ಒಂದೇ ಹಾಡು ಯೂಟ್ಯೂಬಿನಲ್ಲಿ ಹತ್ತು ಚಾನೆಲ್‌ಗಳಲ್ಲಿ ಇರುತ್ತದೆ: ಕ್ಯಾಸೆಟ್ಟಿನಿಂದ ಇಳಿಸಿದ್ದು, ಮದುವೆಯ ಆರ್ಕೆಸ್ಟ್ರಾದ್ದು, ಕರೋಕೆ. ಜನರಿಗೆ ಬರೇ ಹೆಸರು ಹೇಳಿ ಬಿಟ್ಟರೆ ಕೇಳ್ವೆ (ಕೇಳಿದ ಎಣಿಕೆ) ಹತ್ತು ಕಡೆ ಹರಿದು ಯಾವುದೂ ಪಟ್ಟಿ ಮುಟ್ಟುವುದಿಲ್ಲ. ಹಕ್ಕುದಾರರು ಅಧಿಕೃತವಾಗಿ ಏರಿಸಿದ ಒಂದೇ ಆವೃತ್ತಿ, ಒಂದೇ ಲಿಂಕ್. ಹಕ್ಕುದಾರರಿಗೆ ಮೊದಲೇ ತಿಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ; ಅಭಿಯಾನದ ನಡುವೆ ಅವರು ವಿಡಿಯೊ ಬದಲಿಸಿದರೆ ಎಲ್ಲ ನೀರಲ್ಲಿ ಹೋಮ. ಹೊಸದಾಗಿ ಧ್ವನಿಮುದ್ರಿಸುವುದಾದರೆ ವಿತರಕರ (ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಕಂಪನಿಯ) ಮೂಲಕ ಕನಿಷ್ಠ ನಾಲ್ಕು ವಾರ ಮೊದಲು ಕಳಿಸಿ. ಸ್ಪಾಟಿಫೈಗೆ ಹಾಡಿನ ಪರಿಚಯ ಬರೆದು ಸಲ್ಲಿಸಲು ಬಿಡುಗಡೆಗಿಂತ ಏಳು ದಿನವಾದರೂ ಮೊದಲು ಹಾಡು ಅಲ್ಲಿ ತಲುಪಿರಬೇಕು.

ಲಿಂಕ್ ಪರೀಕ್ಷೆಗೆ ಅರ್ಧ ದಿನ ಮೀಸಲಿಡಿ. ಅಭಿಯಾನಗಳು ಹೆಚ್ಚಾಗಿ ಸಾಯುವುದು ಇಲ್ಲಿಯೇ. ನಿಮ್ಮ ಫೋನಿನಲ್ಲಿ ನೋಡಬೇಡಿ, ಮನೆಯ ಹಿರಿಯರ ಹಳೆಯ ಆಂಡ್ರಾಯ್ಡ್ ಫೋನ್ ತೆಗೆದುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಒತ್ತಿದಾಗ ಆ್ಯಪ್ ತೆರೆಯುತ್ತದೋ ಅಥವಾ ಬ್ರೌಸರ್ ತೆರೆದು "ಲಾಗಿನ್ ಆಗಿ" ಎನ್ನುತ್ತದೋ? ಬ್ರೌಸರಿನಲ್ಲಿ ಲಾಗಿನ್ ಆಗದೆ ಒತ್ತಿದರೆ ಸ್ಪಾಟಿಫೈಯಲ್ಲಿ ಪೂರ್ತಿ ಹಾಡಿನ ಬದಲು ತುಣುಕು ಮಾತ್ರ ಬರಬಹುದು. ಪಕ್ಕದ ಮನೆಯ ಪದ್ಮಕ್ಕ "ನಾನು ಕೇಳಿದೆ" ಎನ್ನುತ್ತಾರೆ, ಲೆಕ್ಕದಲ್ಲಿ ಸೊನ್ನೆ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಎಣಿಕೆ. ಪಲ್ಲವಿ ಶುರುವಾಗುವ ಮೊದಲೇ ಮುಂದಿನ ಹಾಡಿಗೆ ಹೋದವರನ್ನು ಎಣಿಸುವುದಿಲ್ಲ. ಕಾಲರ್ ಟ್ಯೂನ್ ಇಟ್ಟುಕೊಂಡರೆ ಖುಷಿಯಷ್ಟೇ, ಈ ಪಟ್ಟಿಗಳಿಗೂ ಅದಕ್ಕೂ ಸಂಬಂಧ ಇಲ್ಲ.

ಸಂದೇಶ ಹೀಗಿರಲಿ:

"ನಮಸ್ಕಾರ. ಈ ಶುಕ್ರವಾರದಿಂದ ಮುಂದಿನ ಗುರುವಾರದವರೆಗೆ ದಿನಕ್ಕೆ ಐದು ಸಲ ಈ ಒಂದು ಪದ್ಯ ಕೇಳಿ. ಕೆಳಗಿನ ಲಿಂಕ್ ಒತ್ತಿ, ಆ್ಯಪ್‌ನಲ್ಲೇ ತೆರೆಯಿರಿ, ಕೊನೆಯವರೆಗೆ ಬಿಡಿ. ಹಣ ಕೊಡಲಿಕ್ಕಿಲ್ಲ. ಒಂಜಿ ಪದ, ಒಂಜಿ ವಾರ."

ಅಷ್ಟೇ. ಕೊನೆಯ ಸಾಲು ತುಳು: ಒಂದು ಹಾಡು, ಒಂದು ವಾರ. ಗೆದ್ದವರ ಹೆಸರು ಅದರಲ್ಲಿ ಬೇಡ. ಇದನ್ನು ಫಾರ್ವರ್ಡ್ ಮಾಡಲು ಹೇಳಬೇಡಿ: ಹಲವು ಕೈ ದಾಟಿದ ಸಂದೇಶಕ್ಕೆ ಜೋಡಿ ಬಾಣದ ಗುರುತು ಬಿದ್ದ ಮೇಲೆ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕಳಿಸಬಹುದು, ಜನ ಅದನ್ನು ಓದುವುದೂ ಇಲ್ಲ. ನಕಲಿಸಿ, ಮೇಲೆ ಎದುರಿನವರ ಹೆಸರು ಸೇರಿಸಿ, ಹೊಸದಾಗಿ ಕಳಿಸಲಿ. ಬ್ರಾಡ್‌ಕಾಸ್ಟ್ ಪಟ್ಟಿಗೆ (ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ವಾಟ್ಸ್‌ಆ್ಯಪ್ ಸೌಲಭ್ಯ) 256 ಜನರ ಮಿತಿ, ಅದರಲ್ಲೂ ನಿಮ್ಮ ನಂಬರ್ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಯುವಕ ಮಂಡಲ, ಭಜನಾ ಮಂಡಳಿ, ಚರ್ಚ್ ವಾರ್ಡಿನ ಗುಂಪು, ಕಾಲೇಜಿನ ತರಗತಿ ಗುಂಪು, ಇಂಥ ಒಂದೊಂದಕ್ಕೂ ಅವರೊಳಗಿನವರೇ ಒಬ್ಬರು ಹೊಣೆ ಹೊತ್ತರೆ ಹೊರಗಿನವರ ನೂರು ಪೋಸ್ಟಿಗಿಂತ ಮೇಲು.

ಗಲ್ಫ್ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ದುಬೈ, ದೋಹಾ, ಕುವೈಟ್, ಮಸ್ಕತ್‌ನಲ್ಲಿ ನಮ್ಮವರು ಇಷ್ಟು ಜನ ಇದ್ದಾರಲ್ಲ ಎಂದು ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಅಲ್ಲಿ ಕೇಳಿದ್ದು ಆಯಾ ದೇಶದ ಪಟ್ಟಿಗೆ ಹೋಗುತ್ತದೆ, ಭಾರತದ್ದಕ್ಕಲ್ಲ. ಮುಂಬೈಯ ತುಳುವರು ಲೆಕ್ಕಕ್ಕೆ ಸಿಗುತ್ತಾರೆ, ಅಬುಧಾಬಿಯವರು ಸಿಗುವುದಿಲ್ಲ. ವಿಪಿಎನ್ (ಬೇರೆ ದೇಶದಲ್ಲಿದ್ದಂತೆ ತೋರಿಸುವ ಆ್ಯಪ್) ಹಾಕಿ ಕೇಳಿ ಎನ್ನುವ ಬುದ್ಧಿವಂತಿಕೆ ಬೇಡ. ಗಲ್ಫಿನವರಿಗೆ ಬೇರೆ ಕೆಲಸ ಕೊಡಿ: ಊರಿನಲ್ಲಿರುವ ಹತ್ತು ಜನರಿಗೆ ದಿನಾ ಸಂಜೆ ಫೋನ್ ಮಾಡಿ ನೆನಪಿಸುವುದು.

ಹಣ ಕೊಟ್ಟು ಕೇಳಿಸಿಕೊಡುತ್ತೇವೆ ಎನ್ನುವವರು ಎರಡನೇ ದಿನಕ್ಕೇ ಬರುತ್ತಾರೆ. ಬಾಗಿಲು ಹಾಕಿ. ಜಾಹೀರಾತಿನಿಂದ ಬಂದ ವೀಕ್ಷಣೆಯನ್ನು ಯೂಟ್ಯೂಬ್ 2019ರಿಂದ ಸಂಗೀತ ಪಟ್ಟಿಗೆ ಎಣಿಸುತ್ತಿಲ್ಲ. ಕೃತಕ ಕೇಳ್ವೆ ವಿಪರೀತವಾದರೆ ಸ್ಪಾಟಿಫೈ ವಿತರಕರಿಗೆ ದಂಡ ಹಾಕುತ್ತದೆ; ಆ ಹೊರೆ ಕೊನೆಗೆ ಬೀಳುವುದು ಹಾಡಿದವರ ತಲೆಗೆ. ಹತ್ತು ಫೋನ್ ಸಾಲಾಗಿ ಇಟ್ಟು ರಾತ್ರಿಯಿಡೀ ತಿರುಗಿಸುವುದೂ ಕೃತಕವೆಂದು ಶೋಧಿಸಿ ತೆಗೆಯುವ ಸಾಲಿಗೇ ಸೇರುತ್ತದೆ. ಬೇರೆ ಹಾಡುಗಳ ನಡುವೆ ಐದು ಸಲ ಬಂದರೆ ಸಹಜ.

ವಾರ ನಡೆಸುವುದು ಹೀಗೆ. ಶುಕ್ರವಾರ, ಶನಿವಾರ ನಿಮ್ಮ ಹತ್ತಿರದ ವಲಯಕ್ಕೆ ಮಾತ್ರ. ಭಾನುವಾರ ಚರ್ಚ್ ಬಿಟ್ಟ ಹೊತ್ತು, ಕಂಬಳದ ಗದ್ದೆ, ಮಲ್ಪೆ ಬೀಚ್. ಕಂಬಳದಲ್ಲಿ ಜನ ಸೇರಿದಷ್ಟೂ ನೆಟ್‌ವರ್ಕ್ ಸಾಯುತ್ತದೆ. ಅಲ್ಲಿ ಲಿಂಕ್ ಕಳಿಸಿ ಪ್ರಯೋಜನವಿಲ್ಲ. ಅಂಗೈಯಗಲದ ಚೀಟಿಯಲ್ಲಿ ಕ್ಯೂಆರ್ ಕೋಡ್ ಮುದ್ರಿಸಿ ಕೈಗೆ ಕೊಡಿ, ಮನೆಗೆ ಹೋಗಿ ತೆರೆಯುತ್ತಾರೆ. ಮಂಗಳವಾರ, ಬುಧವಾರಕ್ಕೆ ಹುಮ್ಮಸ್ಸು ಇಳಿಯುವುದು ಖಂಡಿತ, ಕಾಲೇಜು ಗುಂಪುಗಳನ್ನು ಆ ಎರಡು ದಿನಕ್ಕೇ ಉಳಿಸಿಕೊಳ್ಳಿ. ಮಂಗಳೂರಿನ ರೇಡಿಯೊ ಸಾರಂಗ್ 107.8, ಮಣಿಪಾಲದ ರೇಡಿಯೊ ಮಣಿಪಾಲ್ 90.4 ಇವು ಸಮುದಾಯ ಬಾನುಲಿಗಳು. ರೇಡಿಯೊದಲ್ಲಿ ಕೇಳಿದ್ದು ಪಟ್ಟಿಗೆ ಸೇರದು, ಆದರೆ ಕಿವಿಗೆ ಬಿದ್ದ ಹಾಡನ್ನು ಜನ ಹುಡುಕುತ್ತಾರೆ. ಎರಡು ವಾರ ಮೊದಲೇ ಹೋಗಿ ಕಾರ್ಯಕ್ರಮ ನಡೆಸುವವರನ್ನು ಕೇಳಿ.

ಗೋಡೆಗೆ, ವಿದ್ಯುತ್ ಕಂಬಕ್ಕೆ ಪೋಸ್ಟರ್ ಅಂಟಿಸಬೇಡಿ. 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಇದೆ, ಪೋಸ್ಟರಿನಲ್ಲಿ ಫೋನ್ ನಂಬರ್ ನಿಮ್ಮದೇ ಇರುತ್ತದೆ. ಹೋಟೆಲು, ಸೆಲೂನು, ಜೆರಾಕ್ಸ್ ಅಂಗಡಿಯ ಒಳಗೆ, ಮಾಲೀಕರು ಒಪ್ಪಿದರೆ, ಎ4 ಹಾಳೆ ಸಾಕು.

ಹಣದ ಮಾತು ಎರಡೇ. ಬ್ರಿಟನ್ನಿನಲ್ಲಿ 2009ರ ಎರಡೂ ಹಾಡುಗಳು ಸೋನಿ ಕಂಪನಿಯ ಲೇಬಲ್‌ಗಳವೇ ಆಗಿದ್ದವು. ಯಾರು ಗೆದ್ದರೂ ದುಡ್ಡು ಒಂದೇ ಮನೆಗೆ. ನಿಮ್ಮ ಹಾಡಿನ ಹಕ್ಕು ಯಾರ ಕೈಯಲ್ಲಿದೆ ಎಂದು ನೋಡಿಕೊಂಡೇ "ಕಾರ್ಪೊರೇಟ್ ವಿರುದ್ಧ" ಎಂಬ ಘೋಷಣೆ ಬರೆಯಿರಿ. ಅಲ್ಲಿ ಅಭಿಯಾನದ ಜೊತೆಗೇ ಸೂರಿಲ್ಲದವರಿಗಾಗಿ ದುಡಿಯುವ 'ಶೆಲ್ಟರ್' ಸಂಸ್ಥೆಗೂ ಹಣ ಕೂಡಿತು. ಇಲ್ಲಿ ಹಾಗೆ ಮಾಡುವುದಾದರೆ ನಿಮ್ಮ ಯುಪಿಐಗೆ ಒಂದು ರೂಪಾಯಿಯೂ ಬೇಡ, ಸಂಸ್ಥೆಯ ಖಾತೆಯ ವಿವರವನ್ನೇ ಕೊಡಿ.

ಗೆದ್ದ ಹುಡುಗ ಅಥವಾ ಹುಡುಗಿ ನಮ್ಮದೇ ಜಿಲ್ಲೆಯವರಾಗಿದ್ದರೆ ಅಭಿಯಾನ ಬಿಟ್ಟುಬಿಡುವುದು ಒಳ್ಳೆಯದು. ಎಷ್ಟು ವಿವರಿಸಿದರೂ ಊರಿಗೆ ಅದು ಹೊಟ್ಟೆಕಿಚ್ಚಾಗಿಯೇ ಕಾಣುತ್ತದೆ. ಬೇರೆ ಊರಿನವರಾದರೂ ಅವರ ಪುಟದ ಕೆಳಗೆ ಹೋಗಿ ಕೆಣಕುವವರನ್ನು ಗುಂಪಿನಿಂದ ಆ ಕ್ಷಣವೇ ತೆಗೆಯಿರಿ, ಎಚ್ಚರಿಕೆ ಕೊಡುತ್ತಾ ಕೂರಬೇಡಿ.

ವಾರದ ಪಟ್ಟಿ ಬಂದ ಕೂಡಲೇ, ಗೆದ್ದಿರಲಿ ಸೋತಿರಲಿ, ಪುಟದ ಸ್ಕ್ರೀನ್‌ಶಾಟ್ ತೆಗೆದು ದಿನಾಂಕ ಕಾಣುವಂತೆ ಎಲ್ಲ ಗುಂಪುಗಳಿಗೂ ಕಳಿಸಿ. ಅಂಗಡಿಗಳ ಒಳಗಿನ ಹಾಳೆಗಳನ್ನು ನೀವೇ ಹೋಗಿ ಕಿತ್ತು ತನ್ನಿ, ಗೋಡೆಯಲ್ಲಿ ಸೆಲ್ಲೋಟೇಪಿನ ಗುರುತು ಉಳಿದಿದ್ದರೆ ಸೀಮೆಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ. ಮುಂದಿನ ಡಿಸೆಂಬರಿಗೂ ಅದೇ ಗೋಡೆ ಬೇಕು.